ಹೂಂ ಅನ್ನುವವಳು

ಗುತ್ತೆವ್ವನ ತೋರುಬೆರಳು ಮತ್ತೊಮ್ಮೆ ಮೇಲೆದ್ದಿತು.

ತಲೆಯ ಮೇಲಿನಿಂದ ಹಾದ ಕಪ್ಪು ಪಟ್ಟಿ, ಎರಡೂ ಕಿವಿಗಳ ಮೇಲೆ ಬಟ್ಟಲು ಬೋರಲು ಹಾಕಿದಂಥ ಮುಚ್ಚಳ. ಅವನ್ನು ಹೊತ್ತು ಅವಳು ಫೋಟೋ ತೆಗೆಸಿಕೊಳ್ಳುವವಳ ಹಾಗೆ ನೆಟ್ಟಗೆ ಕೂತಿದ್ದಳು. ಎದುರಿಗೆ ಅಕ್ಕಿ ಚೀಲದ ಮೇಲೆ ಕಿವಿ ಪರೀಕ್ಷೆಯ ಪೆಟ್ಟಿಗೆ ಇಟ್ಟುಕೊಂಡು ಕೂತ ನಸೀರಾ ಆ ಬೆರಳನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಸದ್ದನ್ನು ಇನ್ನಷ್ಟು ಸಣ್ಣದು ಮಾಡಿ ಗುಂಡಿ ಒತ್ತಿದಳು. ಬೆರಳು ಎದ್ದಿತು. ಇನ್ನೂ ಸಣ್ಣದು ಮಾಡಿದಳು. ಆಗಲೂ ಎದ್ದಿತು.

"ಅವ್ವಾರ, ನೀವು ಈ ಗಿರಣ್ಯಾಗ ಯಾವಾಗಿಂದ ಅದೀರಿ?"

"ನನ್ನ ಮಗಳು ಮಾಲಾ ತೊಟ್ಟಿಲದಾಗ ಇದ್ಲರಿ ಬಂದಾಗ. ಈಗ ಆಕಿ ಮಗಳು ಸಾಲಿಗೆ ಹೊಂಟಾಳ."

"ಅಕ್ಕಿ ಮಾಡೂ ಮಿಷಿನ್ ಬಾಜೂಕನ?"

"ಹೌದ್ರಿ. ಅದರ ಮಗ್ಗಲಿಗೇ. ತೌಡು ಬಳಿಯಾಕಿ ನಾನು."

ನಸೀರಾ ನಕ್ಕಳು. "ನಿಮ್ಮ ಕಿವಿ ಸಣ್ಣ ಹುಡುಗೂರ ಕಿವಿ ಇದ್ದಂಗ ಐತಿ ನೋಡ್ರಿ. ನನಗಿಂತ ಛಲೋ."

ಗುತ್ತೆವ್ವನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಒಳಗೊಳಗೇ ಕೈಮುಗಿದಳು.

ಅಂದು ಅಕ್ಕಿಆಲೂರಿನ ಸಂತೆ. ಸಂತೆಯ ದಿನ ಗಿರಣಿಗೆ ರಜೆ. ದುಡಿಯುವ ಮಂದಿಯ ಮೈಯೊಳಗೆ ದುಡಿಮೆ ಏನು ಮಾಡಿಟ್ಟಿದೆ ಎಂದು ನೋಡಲು ತಾಲೂಕಿನಿಂದ ತಾಲೂಕಿಗೆ ತಿರುಗುತ್ತಿದ್ದ ತಂಡವೊಂದು ಆ ರಜೆಯನ್ನೇ ನೋಡಿಕೊಂಡು ಬಂದು ಗಿರಣಿಯ ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ಉಸಿರು ಊದಿಸಿ ನೋಡುವವರಿಗೆ, ಕಣ್ಣು ನೋಡುವವರಿಗೆ, ಚರ್ಮ ನೋಡುವವರಿಗೆ ಅಂಗಳದಲ್ಲೇ ಜಾಗವಾಯಿತು. ಕಿವಿ ನೋಡುವ ನಸೀರಾಳಿಗೆ ಮಾತ್ರ ಊರಿನಲ್ಲೆಲ್ಲೂ ಜಾಗ ಸಿಗಲಿಲ್ಲ. ಸದ್ದೇ ಇಲ್ಲದ ಕೋಣೆ ಬೇಕು ಅಂದಳು. ಶಾಲೆಯ ಮಗ್ಗುಲಲ್ಲಿ ರಸ್ತೆ, ಆಸ್ಪತ್ರೆಯ ಮಗ್ಗುಲಲ್ಲಿ ಬಸ್ಸು, ಗುಡಿಯಲ್ಲಿ ಶ್ರಾವಣದ ಮೈಕು. ಕೊನೆಗೆ ಗಿರಣಿಯ ಯಂತ್ರ ನಡೆಸುವ ಉಳವಪ್ಪ ಹಮಾಲರನ್ನು ಕರೆದು, ಗೋದಾಮಿನ ಮೂಲೆಯಲ್ಲಿ ಅಕ್ಕಿ ಚೀಲಗಳನ್ನು ನಾಲ್ಕೂ ಕಡೆ ಆಳೆತ್ತರಕ್ಕಿಂತ ಮೇಲೆ ಒಟ್ಟಿಸಿ, ಒಬ್ಬರು ಓರೆಯಾಗಿ ನುಸುಳುವಷ್ಟು ಸಂದು ಬಿಟ್ಟು, ಮೇಲೆ ಖಾಲಿ ಗೋಣಿಗಳನ್ನು ಹೊದಿಸಿದ. ಹಾಗೆ ಅಕ್ಕಿಯಿಂದಲೇ ಕಟ್ಟಿದ ಕೋಣೆಯೊಂದು ಎದ್ದು ನಿಂತಿತು.

ಗುತ್ತೆವ್ವ ಅದರೊಳಗೆ ಹೋಗುವ ಮುಂಚೆ ಯಾರೂ ಹೇಳದೆಯೇ ಚಪ್ಪಲಿ ಬಿಟ್ಟಿದ್ದಳು. ಒಳಗೆ ತಂಪು. ಗೋಣಿಯ ವಾಸನೆ, ಹಳೆ ಅಕ್ಕಿಯ ವಾಸನೆ, ಒಂದು ಸಣ್ಣ ಬ್ಯಾಟರಿ ದೀಪ. ಗರ್ಭಗುಡಿಯ ಬಾಗಿಲವರೆಗೆ ಮಾತ್ರ ಹೋಗಿ ಬಲ್ಲವಳಿಗೆ ಒಳಗೇ ಹೋಗಿ ಕೂತ ಹಾಗೆ ಆಗಿ ಮೈ ಜುಮ್ಮೆಂದಿತ್ತು.

ಹೊರಗೆ ಸಾಲು ದೊಡ್ಡದಿತ್ತು. ಚುರುಮುರಿ ಭಟ್ಟಿಯವರು ಒಂದು ಕಡೆ ಕೂತು ಸರದಿಯ ಮೇಲೆ ಕೆಮ್ಮುತ್ತಿದ್ದರು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಅಂಗೈಗಳನ್ನು ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು, ಯಾರೋ ಪ್ರಸಾದ ಕೊಡುತ್ತಾರೆ ಅನ್ನುವ ಹಾಗೆ. ಇಟ್ಟಿಗೆ ಭಟ್ಟಿಯ ಗಂಡಸರು ಕೂಡಲಾರದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅವರ ನಡುವೆ ಉಳವಪ್ಪ ಓಡಾಡುತ್ತ ಎಲ್ಲರನ್ನೂ ಕೆಣಕುತ್ತಿದ್ದ. ಅವನ ಬಲಗೈಯ ಎರಡು ಬೆರಳುಗಳನ್ನು ಹಿಂದೊಮ್ಮೆ ಗಿರಣಿಯ ಬೆಲ್ಟು ಕಿತ್ತುಕೊಂಡಿತ್ತು.

ಗಿರಣಿ ನಡೆಯುವಾಗ ಬಾಯಿಮಾತು ನಡೆಯುವುದಿಲ್ಲ. ಅಲ್ಲಿ ಕೈಯೇ ಮಾತು. ಮುಷ್ಟಿ ಹಿಡಿದರೆ ಚೀಲ ತುಂಬಿತು, ಅಂಗೈಯಿಂದ ಗಾಳಿ ಕಡಿದರೆ ಯಂತ್ರ ಬಂದ್ ಮಾಡು, ಗಲ್ಲ ಮುಟ್ಟಿಕೊಂಡರೆ ಮಾಲಕರು ಬಂದರು. ಉಳವಪ್ಪ ಐದು ಚೀಲ ತಾ ಎಂದು ಕೈ ತೋರಿಸಿದರೆ ಬೆರಳು ಮೂರೇ ಕಾಣುತ್ತವೆ. ಹಮಾಲರು ಮೂರೇ ಚೀಲ ತಂದು, "ನೀ ತೋರ್ಸಿದ್ದ ತಂದೇವಿ" ಎಂದು ಅವನನ್ನು ಕಾಡುತ್ತಾರೆ. ಈ ಕೈಮಾತಿನಲ್ಲಿ ಗುತ್ತೆವ್ವನಷ್ಟು ಚುರುಕಾದವರು ಗಿರಣಿಯಲ್ಲಿ ಇನ್ನೊಬ್ಬರಿಲ್ಲ. ಅತ್ತ ತುದಿಯಲ್ಲಿ ಯಾರಾದರೂ ಹುಬ್ಬು ಏರಿಸಿದರೆ ಇತ್ತ ತುದಿಯಲ್ಲಿ ಇವಳು ನಗುತ್ತಾಳೆ.

"ಗುತ್ತಕ್ಕ, ನೀ ಒಳಗ ಹೋಗಬ್ಯಾಡ," ಅಂದಿದ್ದ ಉಳವಪ್ಪ ಬೆಳಿಗ್ಗೆ. "ನಿನ್ನ ಕಿವ್ಯಾಗಿನ ತೌಡು ಉದುರಿ ಆ ಮೇಡಮ್ಮಾರ ಪೆಟಗಿ ಕೆಟ್ಟೀತು."

ನಕ್ಕಿದ್ದಳು. ಆದರೆ ಹೆದರಿಕೆ ಇತ್ತು. ಕಿವಿ ಮಂದ ಅಂದರೆ ಯಂತ್ರದ ಹತ್ತಿರದಿಂದ ತೆಗೆದು ಅಂಗಳದ ಕೆಲಸಕ್ಕೆ ಹಾಕುತ್ತಾರೆ ಎಂದು ಜನ ಆಡಿಕೊಳ್ಳುತ್ತಿದ್ದರು. ಹಾಕಲಿ, ಅದರ ಚಿಂತೆ ಅವಳಿಗಿರಲಿಲ್ಲ. ಅವಳ ಚಿಂತೆ ಬೇರೆ.

ಊರ ಮೇಲುಕೇರಿಯಲ್ಲಿ ವೀರವ್ವನವರ ಮನೆ. ಶ್ರಾವಣ ಬಂದರೆ ಆ ಮನೆಯ ಕಟ್ಟೆಯ ಮೇಲೆ ದೀಪ ಹಚ್ಚಿದ ಹೊತ್ತಿಗೆ ನೀರಿನ ಶರಣೆಯ ಕಥೆ ನಡೆಯುತ್ತದೆ. ಅದು ಯಾವ ಪುಸ್ತಕದಲ್ಲೂ ಇಲ್ಲದ ಕಥೆ. ಅತ್ತೆಯ ಬಾಯಿಂದ ಸೊಸೆಯ ಬಾಯಿಗೆ ಪದ ಪದವಾಗಿ ಇಳಿದು ಬಂದದ್ದು. ಹೇಳುವವಳು ಆ ಮನೆಯ ಹಿರಿಯಳು. ಮೂರು ಸಾಲಿನ ಒಂದೊಂದು ಪದದ ಕೊನೆಗೆ ಒಬ್ಬರು ಹೂಂ ಅನ್ನಬೇಕು. ಹೂಂ ಬಿದ್ದ ಮೇಲೆಯೇ ಮುಂದಿನ ಪದ. ಕೇಳಲು ಓಣಿಯ ಹೆಂಗಸರೆಲ್ಲ ಬಂದು ಕೂಡುತ್ತಾರೆ. ಆದರೆ ಹೂಂ ಅನ್ನುವವಳು ಒಬ್ಬಳೇ. ಅವಳ ಕಿವಿಯಲ್ಲಿ ದೇವರು ಬಂದು ಕೂತು ಕಥೆ ಕೇಳುತ್ತಾನೆ ಎಂದು ಆ ಮನೆಯ ನಂಬಿಕೆ. ವೀರವ್ವನವರ ಅತ್ತೆ ಹೇಳುವಾಗ ಗುತ್ತೆವ್ವನ ತಾಯಿ ಹೂಂ ಅನ್ನುತ್ತಿದ್ದಳು. ಈಗ ವೀರವ್ವ ಹೇಳುತ್ತಾಳೆ, ಗುತ್ತೆವ್ವ ಹೂಂ ಅನ್ನುತ್ತಾಳೆ. ಹೇಳುವವಳು ಕಟ್ಟೆಯ ಮೇಲೆ, ಹೂಂ ಅನ್ನುವವಳು ಕೆಳಗಿನ ಮೆಟ್ಟಿಲ ಮೇಲೆ. ಅಲ್ಲಿ ಕೂಡು ಎಂದು ಗುತ್ತೆವ್ವನಿಗೆ ಯಾರೂ ಹೇಳಿರಲಿಲ್ಲ. ಅವಳ ತಾಯಿ ಅಲ್ಲಿ ಕೂತಿದ್ದಳು, ಅವಳೂ ಕೂತಳು.

ಅಂದು ಸಂಜೆ ಕಥೆಯ ಮಂಗಳ. ಇಡೀ ತಿಂಗಳು ಹೇಳಿದ ಕಥೆ ಅಂದು ಮುಗಿದು ದೇವರಿಗೆ ಸಲ್ಲಬೇಕು. ದೇವರು ಕೂಡುವ ಕಿವಿಯೇ ಕೆಟ್ಟಿದೆ ಅಂದುಬಿಟ್ಟರೆ? ಈಗ ಸಣ್ಣ ಹುಡುಗರ ಕಿವಿ ಎಂಬ ಮಾತು ಕೇಳಿ ಎದ್ದು ನಿಂತು ಮುಚ್ಚಳ ತೆಗೆಯಲು ಕೈಯೆತ್ತಿದಳು.

"ತಡೀರಿ," ಅಂದಳು ನಸೀರಾ. ಅವಳ ನಗೆ ಯಾಕೋ ಅರ್ಧಕ್ಕೇ ನಿಂತಿತ್ತು. "ಒಂದ ಸಲ ಮತ್ತ ನೋಡೋಣ."

ಗುತ್ತೆವ್ವ ಕೂತಳು. ನಸೀರಾಳ ಬಲಭುಜ ಒಂದೆಳೆಯಷ್ಟು ಕೆಳಗಿಳಿಯಿತು. ಕುಂಯ್ ಎಂದು ಸಣ್ಣ ಸದ್ದು ಬಂತು. ಗುತ್ತೆವ್ವ ಬೆರಳೆತ್ತಿದಳು.

ನಸೀರಾ ತನ್ನ ಎರಡೂ ಕೈಗಳನ್ನು ಮೇಲೆತ್ತಿ ತೋರಿಸಿದಳು. ಅವು ಪೆಟ್ಟಿಗೆಯ ಮೇಲೆ ಇರಲೇ ಇಲ್ಲ. ಅವಳು ಗುಂಡಿ ಒತ್ತಿರಲಿಲ್ಲ. ಬರೀ ಭುಜ ಇಳಿಸಿದ್ದಳು.

"ಬಂತಲ್ರಿ ಸಪ್ಪಳ," ಅಂದಳು ಗುತ್ತೆವ್ವ. ಅವಳು ಸುಳ್ಳು ಹೇಳುತ್ತಿರಲಿಲ್ಲ. ಸದ್ದು ಬಂದಿತ್ತು. ಭುಜ ಇಳಿದ ಕೂಡಲೇ ತಲೆಯೊಳಗೆ ಎಲ್ಲಿಂದಲೋ ಬಂದು ಕುಂಯ್ ಎಂದಿತ್ತು.

ನಸೀರಾ ಎದ್ದು ಬಂದು, ಕುರ್ಚಿಯ ಸಮೇತ ಅವಳನ್ನು ಮೆಲ್ಲಗೆ ತಿರುಗಿಸಿ, ಮುಖವನ್ನು ಚೀಲಗಳ ಗೋಡೆಗೆ ಮಾಡಿ ಕೂರಿಸಿದಳು.

ಕಣ್ಣೆದುರಿಗೆ ಗೋಣಿಯ ಎಳೆಗಳು. ಒಂದು ಹೊಲಿಗೆಯ ಸಂದಿನಿಂದ ಅಕ್ಕಿಯ ಕಾಳೊಂದು ಇಣುಕುತ್ತಿತ್ತು. ಗುತ್ತೆವ್ವ ತೊಡೆಯ ಮೇಲೆ ಬೆರಳು ಸಜ್ಜು ಮಾಡಿಕೊಂಡು ಕಾದಳು. ಸ್ವಲ್ಪ ಹೊತ್ತಿಗೆ ಎಲ್ಲೋ ದೂರದಲ್ಲಿ ಗುಂ ಎಂದಿತು, ಬಾವಿಯ ತಳದಲ್ಲಿ ಕೊಡ ಮುಳುಗಿದ ಹಾಗೆ. ಬೆರಳೆತ್ತಿದಳು. ಮತ್ತೊಮ್ಮೆ ಗುಂ. ಮತ್ತೆ ಎತ್ತಿದಳು. ಆಮೇಲೆ ಏನೂ ಇಲ್ಲ. ಕಾದಳು. ಏನೂ ಇಲ್ಲ. ಮೇಡಮ್ಮಾರು ಎದ್ದು ಹೋದರೇನೋ, ಮುಂದಿನವರನ್ನು ಕರೆಯಲು ಹೋಗಿರಬೇಕು, ಅಂದುಕೊಂಡಳು. ಆ ನಿಶ್ಶಬ್ದದಲ್ಲಿ ಹಿತವಾಗಿತ್ತು. ಕೊನೆಗೆ ಮೆಲ್ಲಗೆ ಹೊರಳಿ ನೋಡಿದಳು.

ನಸೀರಾ ಅಲ್ಲೇ ಇದ್ದಳು. ಒಂದರ ಹಿಂದೆ ಒಂದು ಗುಂಡಿ ಒತ್ತುತ್ತಿದ್ದಳು. ಒತ್ತಿದ ಪ್ರತಿ ಸಲವೂ ಅವಳ ಭುಜ ಇಳಿಯುತ್ತಿತ್ತು. ಭುಜ ಕಂಡ ಕೂಡಲೇ ಗುತ್ತೆವ್ವನ ತಲೆಯಲ್ಲಿ ಸದ್ದುಗಳು ಸಾಲುಗಟ್ಟಿ ಬಂದವು. ಮತ್ತೆ ಗೋಣಿಯ ಕಡೆ ತಿರುಗಿದಳು. ಒಂದೂ ಇಲ್ಲ. ಮತ್ತೆ ಹೊರಳಿದಳು. ಬಂದವು. ಹಬ್ಬದ ದಿನ ಬಾಗಿಲು ಹಾಕುತ್ತ ತೆಗೆಯುತ್ತ ಆಡುವ ಮಗುವಿನ ಹಾಗೆ ಮೂರ್ನಾಲ್ಕು ಸಲ ಅತ್ತ ಇತ್ತ ತಿರುಗಿದಳು. ಅವಳ ಕೈ ತಾನಾಗಿ ಎದ್ದು ಬಾಯಿಯ ಮೇಲೆ ಹೋಯಿತು.

"ಮೇಡಮ್ಮಾರ," ಅಂದಳು. "ಹಂಗಾರ ಇಷ್ಟ ದಿನಾ ನನಗ ಕೇಳಿಸಿದ್ದು ಎಲ್ಲಿದ್ರಿ?"

ನಸೀರಾ ಕಿವಿಯ ಮುಚ್ಚಳಗಳನ್ನು ತೆಗೆದು, ಗುತ್ತೆವ್ವನನ್ನು ಕೈಹಿಡಿದು ಗೋದಾಮಿನ ಬಾಗಿಲಿಗೆ ಕರೆತಂದಳು. ಬಾಗಿಲ ಮೇಲಿನ ತೊಲೆಯ ಮೇಲೆ ಗುಬ್ಬಿಗಳು ಕೂತಿದ್ದವು. ಅವನ್ನು ತೋರಿಸಿದಳು.

ಗಿರಣಿ ಅಂದ ಮೇಲೆ ಗುಬ್ಬಿಗಳು ಇದ್ದೇ ಇರುತ್ತವೆ. ಅವುಗಳ ಬಗ್ಗೆ ಗುತ್ತೆವ್ವನಿಗೆ ಒಂದು ದೂರಿತ್ತು. ಈಗಿನ ಗುಬ್ಬಿಗಳಿಗೆ ದನಿಯಿಲ್ಲ, ಮೊದಲಿನವು ಎಷ್ಟು ಕೂಗುತ್ತಿದ್ದವು, ಇವು ಗೊಬ್ಬರದ ಕಾಳು ತಿಂದು ಮೂಕಾಗಿವೆ ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ಮೊಮ್ಮಗಳಿಗೂ ಹೇಳಿದ್ದಳು. ಆ ಹುಡುಗಿ ಅಜ್ಜಿಯ ಮುಖವನ್ನು ವಿಚಿತ್ರವಾಗಿ ನೋಡಿದ್ದಳು.

ಗುಬ್ಬಿಯೊಂದು ಕೊಕ್ಕು ತೆರೆಯಿತು, ಮುಚ್ಚಿತು. ಅದರ ಎದೆ ಪಟಪಟ ಏರಿಳಿಯುತ್ತಿತ್ತು.

"ಅದು ಈಗ ಕೂಗಾಕತ್ತೈತೇನ್ರಿ?"

"ಹೂಂನ್ರಿ. ನಾ ಬೆಳಿಗ್ಗೆ ಬಂದಾಗಿಂದ ಒಂದ ಸವನ ಕೂಗಾಕತ್ತಾವ."

ಗುತ್ತೆವ್ವ ಬಹಳ ಹೊತ್ತು ಮೇಲೆ ನೋಡುತ್ತ ನಿಂತಳು. ಇಷ್ಟು ವರ್ಷ ತಲೆಯ ಮೇಲೆಯೇ ಇಷ್ಟೊಂದು ಕೂಗು ಹರಿಯುತ್ತಿತ್ತು, ತಾನು ಅದರ ಕೆಳಗೆ ಓಡಾಡಿಕೊಂಡಿದ್ದೆ ಅಂದರೆ ನಂಬುವುದು ಹೇಗೆ? ತೊಲೆ, ಹಂಚು, ಅಂಗಳದ ಬೇವಿನ ಮರ, ಅದರ ಎಲೆಗಳು, ಎಲ್ಲವನ್ನೂ ಹೊಸದಾಗಿ ನೋಡಿದಳು. ಅವೆಲ್ಲ ಏನು ಮಾತಾಡುತ್ತಿದ್ದವೋ.

ನಸೀರಾ ಅವಳ ಎದುರಿಗೆ ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು. ಪೂರ್ತಿ ಹೋಗಿಲ್ಲ. ದಪ್ಪ ಸದ್ದು ಉಳಿದಿದೆ, ಗುಬ್ಬಿಯ ಕೂಗಿನಂಥ ಸಣ್ಣ ಸದ್ದು ಹೋಗಿದೆ. ಹೋದದ್ದು ತಿರುಗಿ ಬರುವುದಿಲ್ಲ. ಹಾವೇರಿಯ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದರೆ ಕಿವಿಗೆ ಇಟ್ಟುಕೊಳ್ಳುವ ಮಿಷನ್ನು ಕೊಡಬಹುದು, ಅದರಿಂದ ಒಂದಿಷ್ಟು ಅನುಕೂಲ ಆದೀತು. ಉಳಿದದ್ದನ್ನು ಉಳಿಸಿಕೊಳ್ಳಬೇಕಾದರೆ ಯಂತ್ರದ ಹತ್ತಿರ ಕೆಲಸ ಬೇಡ.

"ನಮ್ಮ ಸವಣೂರಾಗ ಎಲಿಬಳ್ಳಿ ತ್ವಾಟ ಅದಾವಲ್ರಿ," ಅಂದಳು ಆಮೇಲೆ. "ಅಲ್ಲಿ ಏಣಿ ಮ್ಯಾಲಿಂದ ಬಿದ್ದ ಮಂದೀದು ಸೊಂಟ ಹೋಗಿರ್ತಾವ. ನಮ್ಮ ಅಬ್ಬಾಂದು ಹಂಗ ಹೋತು. ಹಂಸಭಾವಿ ಕಡೆ ಬೀಜದ ಹೊಲದಾಗ ಬಗ್ಗಿ ಬಗ್ಗಿ ಹೆಣ್ಮಕ್ಕಳ ಬೆನ್ನು. ಭಟ್ಟ್ಯಾಗ ಎದಿ. ಇಲ್ಲಿ ಕಿವಿ. ಊರೂರು ತಿರಗತೇನಿ ನೋಡ್ರಿ, ಒಂದೊಂದು ಕೆಲಸ ಒಂದೊಂದನ್ನ ತಗೊಂಡು ಕುಂತಿರ್ತೈತಿ. ಆದ್ರ ನಿಮ್ಮಂಗ ಭುಜ ನೋಡಿ ಸಪ್ಪಳ ಕೇಳೂದು ನಾ ಎಲ್ಲೂ ಕಂಡಿಲ್ಲ."

ಸಾಲಿನಲ್ಲಿದ್ದ ಉಳವಪ್ಪ ದೂರದಿಂದಲೇ ಗದ್ದ ಎತ್ತಿ, ಏನಾತು ಎಂದು ಕೇಳಿದ. ಗುತ್ತೆವ್ವ ಅಂಗೈಯಿಂದ ಗಾಳಿ ಕಡಿದು ತೋರಿಸಿದಳು. ಬಂದ್. ಅವನು ಏನೋ ಚೇಷ್ಟೆಯ ಮಾತಿಗೆ ಬಾಯಿ ತೆರೆದವನು ಹಾಗೇ ಮುಚ್ಚಿದ. ಮುಂದಿನ ಸರದಿ ಅವನದೇ ಇತ್ತು. ಅಕ್ಕಿಯ ಕೋಣೆಯ ಸಂದಿನ ಮುಂದೆ ನಿಂತು, ಒಂದು ಸಲ ಹಿಂದೆ ನೋಡಿ, ಚಪ್ಪಲಿ ಬಿಟ್ಟು ಒಳಗೆ ಹೋದ.

ಸಂತೆಯ ನಡುವಿನಿಂದ ಗುತ್ತೆವ್ವ ಮನೆಗೆ ನಡೆದಳು. ತರಕಾರಿಯವರ ಬಾಯಿಗಳು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ನೋಡಿದರೆ ಕೂಗು ಕೇಳುತ್ತಿತ್ತು, ಕಣ್ಣು ಕೆಳಗೆ ಮಾಡಿದರೆ ಇಲ್ಲ. ಬಳೆ ಮಾರುವ ಮುಮ್ತಾಜಬೇಗಂ ಕೈ ಮಾಡಿ ಕರೆದಳು. ನಿಲ್ಲಲಿಲ್ಲ. ಅವಳ ಮನಸ್ಸು ವೀರವ್ವನವರ ಕಟ್ಟೆಯ ಮೇಲಿತ್ತು. ಕಥೆಯ ಒಂದೊಂದು ಪದವೂ ತನಗೆ ಸ್ಪಷ್ಟವಾಗಿ ಕೇಳಿತ್ತಲ್ಲ. ಹೋದ ವರ್ಷ, ಅದರ ಹಿಂದಿನ ವರ್ಷ, ನಿನ್ನೆ. ಆ ದನಿಯನ್ನು ನೆನಪು ಮಾಡಿಕೊಂಡಳು. ದಾರಿಯ ಮಧ್ಯೆ ಕಾಲು ನಿಂತುಹೋಯಿತು.

ಅದು ವೀರವ್ವನ ದನಿ ಅಲ್ಲ. ವೀರವ್ವನದು ಸಣ್ಣ, ಮೂಗಿನ ದನಿ. ಇವಳು ಇಷ್ಟು ವರ್ಷ ಕೇಳುತ್ತಿದ್ದದ್ದು ದಪ್ಪ ದನಿ, ಕೊನೆಯಲ್ಲಿ ಸ್ವಲ್ಪ ಒಡೆಯುವ ದನಿ. ಭತ್ತ ಕುಟ್ಟುತ್ತ, ಮಗಳಿಗೆ ತಲೆ ಬಾಚುತ್ತ, ಇದೇ ಕಥೆಯನ್ನು ಗುನುಗುತ್ತಿದ್ದ ಅವಳ ತಾಯಿಯ ದನಿ. ತಾಯಿ ಸತ್ತು ಎಷ್ಟೋ ಕಾಲವಾಗಿತ್ತು. ವೀರವ್ವನ ತುಟಿ ಅಲ್ಲಾಡಿದ ಕೂಡಲೇ ಅವಳು ಬಂದು ಒಳಗಿನಿಂದ ಹೇಳುತ್ತಿದ್ದಳು.

ಗುತ್ತೆವ್ವ ರಸ್ತೆಯ ಬದಿಗೆ ಸರಿದು, ಬೇಲಿಯ ಗೂಟ ಹಿಡಿದುಕೊಂಡು ನಿಂತಳು. ಅಳು ಬಂತೋ ಇನ್ನೇನು ಬಂತೋ ಅವಳಿಗೇ ತಿಳಿಯಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಜಳಕ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು ಹೋದಳು. ಕಟ್ಟೆಯ ಮೇಲೆ ಓಣಿಯ ಹೆಂಗಸರು ಆಗಲೇ ಕೂತಿದ್ದರು. ವೀರವ್ವನ ಸೊಸೆ ತನುಜಾ ದೀಪದ ಸಮೆಗೆ ಎಣ್ಣೆ ಹಾಕುತ್ತಿದ್ದಳು. ನಡುವೆ ಮಣೆಯ ಮೇಲೆ ವೀರವ್ವ, ಕೈಯಲ್ಲಿ ಯಾವಾಗಿನ ಬಿದಿರು ಕೋಲು. ಕಣ್ಣಿನಲ್ಲಿ ಪೊರೆ ಬಂದಿದ್ದರೂ ನಡಿಗೆಯ ಮೇಲೆಯೇ ಜನರನ್ನು ಗುರುತು ಹಿಡಿಯುತ್ತಾಳೆ.

"ಬಾರ ಗುತ್ತೆವ್ವ. ಇವತ್ತ ತಡಾ ಮಾಡಿದಿ. ಸಂತ್ಯಾಗ ಮಿರ್ಚಿ ತಿನಕೋತ ಕುಂತಿದ್ದೇನ?"

ಹೆಂಗಸರು ನಕ್ಕರು. ಗುತ್ತೆವ್ವ ಮೆಟ್ಟಿಲ ಮೇಲೆ ಕೂಡಲಿಲ್ಲ. ಅಂಗಳದಲ್ಲೇ ನಿಂತು ಸೆರಗು ಹೊದ್ದಳು.

"ಎವ್ವಾರ, ಇವತ್ತ ಹೂಂ ಅನ್ನಾಕ ಬ್ಯಾರೆ ಯಾರನ್ನರ ಕುಂದರಿಸಿಕೊಳ್ರಿ."

"ಯಾಕ?"

"ನನಗ ಕಿವಿ ಕೇಳಸಂಗಿಲ್ರಿ. ಇವತ್ತ ಗಿರಣ್ಯಾಗ ನೋಡಿದ್ರು. ನಿಮ್ಮ ದನಿ ನನಗ ಕೇಳಲಾರದ ಎಷ್ಟ ವರ್ಷ ಆತೋ ನನಗ ಗೊತ್ತಿಲ್ಲ. ಬಾಯಿ ನೋಡಿ ಹೂಂ ಅಂದೇನಿ. ದೇವರು ಕುಂದ್ರೂ ಜಾಗಾ ಅದು. ನಾ ಕೇಳಲಾರದ ಹೂಂ ಅಂದ್ರ ಕಥಿ ಅವಗ ಮುಟ್ಟಿದ್ದು ಹೆಂಗರಿ?"

ತನುಜಾಳ ಕೈಯ ಎಣ್ಣೆಯ ಬಟ್ಟಲು ನಿಂತಲ್ಲೇ ನಿಂತಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ವೀರವ್ವ ಮಾತ್ರ ಅಲುಗಲಿಲ್ಲ. ಮುಖವನ್ನು ಅಂಗಳದ ಕಡೆ ತಿರುಗಿಸಿ, ದೀಪದ ಬೆಳಕು ತುಟಿಯ ಮೇಲೆ ಬೀಳುವ ಹಾಗೆ ಕೂತಳು.

"ಇದನ್ನ ನನಗ ಹೇಳಾಕ ಗಿರಣಿಗೆ ಪೆಟಗಿ ಬರಬೇಕಾತೇನ?"

"ಎವ್ವಾರ?"

"ಒಂದ ಶ್ರಾವಣದಾಗ ಗಾಳಿಗೆ ದೀಪಾ ಆರಿತ್ತು, ಕರೆಂಟೂ ಹೋಗಿತ್ತು. ನಾ ಪದಾ ಮುಗಸೇನಿ, ನಿನ್ನ ಹೂಂ ಇಲ್ಲ. ಮತ್ತೊಂದ ಸಲ ಅಂದೇನಿ, ಇಲ್ಲ. ತನುಜಾ ದೀಪಾ ತಂದ್ಲು, ನೀ ನನ್ನ ಮುಖಾ ನೋಡಿದಿ, ಹೂಂ ಅಂದಿ. ಅವತ್ತ ಗೊತ್ತಾತು."

ಗುತ್ತೆವ್ವ ಆ ತುಟಿಗಳನ್ನೇ ನೋಡುತ್ತಿದ್ದಳು. ಒಂದು ಮಾತೂ ತಪ್ಪದ ಹಾಗೆ ನೋಡುತ್ತಿದ್ದಳು.

"ನನ್ನ ಕಾಲು ಗಟ್ಟಿ ಅದಾವ. ನಾಕ ಮನಿ ತಿರಗಿ ಬರ್ತೇನಿ. ಈ ಕೋಲು ಯಾಕ ಹಿಡದೇನಿ ಅಂದ್ಕೊಂಡಿ?"

ವೀರವ್ವ ಕೈಚಾಚಿ ಕೋಲಿನ ತುದಿಯಿಂದ ಕೆಳಗಿನ ಮೆಟ್ಟಿಲ ಕಲ್ಲನ್ನು ಒಮ್ಮೆ ಕುಟ್ಟಿದಳು. ಅಂಗಳದಲ್ಲಿ ನಿಂತ ಗುತ್ತೆವ್ವನಿಗೆ ಅದು ಕೇಳಲಿಲ್ಲ. ಆದರೆ ಮೈಗೆ ಅದರ ನೆನಪಿತ್ತು. ಪ್ರತಿ ಪದದ ಕೊನೆಗೆ ಕೂತ ಕಲ್ಲಿನಿಂದ ಬೆನ್ನಿನವರೆಗೆ ಏರುತ್ತಿದ್ದ ಒಂದು ಸಣ್ಣ ಅದುರು. ಮುದುಕಿಗೆ ಕೋಲು ಕುಟ್ಟುವ ಚಟ ಎಂದು ಇಷ್ಟು ಕಾಲ ಅಂದುಕೊಂಡಿದ್ದಳು.

"ಮತ್ತ ದೇವರಿಗೆ, ಎವ್ವಾರ? ಅವಗ ಮುಟ್ಟೈತೋ ಇಲ್ಲೋ?"

"ಅಂವಾ ಕಿವ್ಯಾಗ ಕುಂದರ್ತಾನೋ ಕಲ್ಲಾಗ ಕುಂದರ್ತಾನೋ ನನಗೇನ ಗೊತ್ತು. ನಾ ಏನ ಅವನ ಮನೀ ಕಾರಕೂನಕೀನ?" ವೀರವ್ವ ಕೋಲನ್ನು ಮಗ್ಗುಲಿಗೆ ಮಲಗಿಸಿದಳು. "ನೀ ಒಂದ ಹೇಳು. ಕಥಿ ನಿನಗ ಬರ್ತೈತಿಲ್ಲೋ?"

"ಬರ್ತೈತ್ರಿ. ನಮ್ಮವ್ವಂದ ಬಾಯಾಗ ಇತ್ತಲ್ರಿ."

"ಹಂಗಾರ ಇವತ್ತ ಮಂಗಳಾ ನೀ ಹೇಳು. ನಾ ಹೂಂ ಅಂತೇನಿ. ನನ್ನ ಕಿವಿ ನೆಟ್ಟಗ ಅದಾವ. ಸುಮ್ನ ದೇವರಿಗೆ ಯಾಕ ಸಂಶಯ?"

ಆ ಕಥೆಯನ್ನು ಆ ಮನೆಯವರ ಹೊರತು ಬೇರೆಯವರು ಹೇಳಿದ್ದು ಯಾರೂ ಕಂಡಿರಲಿಲ್ಲ.

"ನಿಮ್ಮ ಹೂಂ ನನಗ ತಿಳೀಬೇಕಲ್ರಿ. ಹೂಂ ಬೀಳಲಾರದ ಮುಂದಿನ ಪದಾ ಹೆಂಗ ಹಿಡೀಲಿ?"

"ಮ್ಯಾಲ ಬಾ."

ಗುತ್ತೆವ್ವ ಮೆಟ್ಟಿಲ ಹತ್ತಿರ ಬಂದು ನಿಂತಳು. ಆ ಕಲ್ಲಿನ ಮೇಲೆ ಕಾಲಿಟ್ಟು ಮುಂದೆ ಹೋಗುವುದು ಅವಳ ಕಾಲಿಗೆ ಗೊತ್ತಿರಲಿಲ್ಲ. ಕಟ್ಟೆಯ ಅಂಚಿನಲ್ಲಿ ಕೂತಿದ್ದ ಒಬ್ಬಳು ಸೆರಗು ಎಳೆದುಕೊಂಡು ಸ್ವಲ್ಪ ಸರಿದು ಕೂತಳು. ಜಾಗ ಕೊಡಲು ಸರಿದಳೋ ಬೇರೆ ಯಾಕೆ ಸರಿದಳೋ ಹೇಳಲಾಗದು. ತನುಜಾ ಅತ್ತೆಯನ್ನು ನೋಡಿದಳು. ಆಮೇಲೆ ಬಟ್ಟಲು ಕೆಳಗಿಟ್ಟು ಒಳಗೆ ಹೋಗಿ ಇನ್ನೊಂದು ಮಣೆ ತಂದು ವೀರವ್ವನ ಹಿಂದೆ, ಓರೆಯಾಗಿ ಹಾಕಿದಳು.

"ಏನ ಮದಲಗಿತ್ತೀನ ನೀ, ಆರತಿ ಮಾಡಿ ಕರೀಬೇಕೇನ?" ಅಂದಳು ವೀರವ್ವ.

ಗುತ್ತೆವ್ವ ಹತ್ತಿದಳು. ಮಣೆಯ ಮೇಲೆ ಕೂತಳು. ವೀರವ್ವ ಹಿಂದಕ್ಕೆ ಕೈ ಮಾಡಿ, ತಡಕಿ, ಅವಳ ಬಲಗೈಯನ್ನು ಹಿಡಿದು ತನ್ನ ಬೆನ್ನಿನ ನಡುವೆ, ಎರಡು ಹೆಗಲ ಮೂಳೆಗಳ ಮಧ್ಯೆ ಒತ್ತಿಟ್ಟುಕೊಂಡಳು. ತೆಳ್ಳಗಿನ ಸೀರೆಯ ಕೆಳಗೆ ಹಕ್ಕಿಯ ಮೈಯಂಥ ಮೈ. ಭತ್ತದ ಹೊಟ್ಟು ತಾಗಿ ತಾಗಿ ಅರದಂತೆ ಒರಟಾಗಿದ್ದ ಗುತ್ತೆವ್ವನ ಅಂಗೈ ಅಲ್ಲಿ ಅಲುಗದೆ ನಿಂತಿತು.

ಕಥೆ ಇಲ್ಲಿಯವರೆಗೆ ಬಂದಿತ್ತು: ದೇವರ ಅಭಿಷೇಕಕ್ಕೆಂದು ದೂರದ ಹೊಳೆಯಿಂದ ನೀರು ಹೊತ್ತು ತರುವ ಶರಣೆ, ದಾರಿಯಲ್ಲಿ ಬಾಯಾರಿದವರಿಗೆಲ್ಲ ನೀರೆರೆಯುತ್ತ ಬರುತ್ತಾಳೆ. ಕೊನೆಯ ಬೊಗಸೆಯನ್ನು ಕುಂಟ ನಾಯಿಯೊಂದಕ್ಕೆ ಕುಡಿಸಿದ್ದಾಳೆ. ಗುಡಿ ಎದುರಿಗಿದೆ, ಕೊಡ ಬರಿದಾಗಿದೆ.

ಗುತ್ತೆವ್ವ ಕಣ್ಣು ಮುಚ್ಚಿದಳು. ಯಾರ ತುಟಿಯನ್ನೂ ನೋಡಲಿಲ್ಲ. ಒಳಗೆ ತಾಯಿಯ ದನಿ ಬರಲಿ ಎಂದು ಕಾದಳು. ಬಂತು. ಆದರೆ ಈ ಸಲ ಅದು ಅವಳ ಸ್ವಂತ ಗಂಟಲಿನಿಂದ ಬಂತು. ದವಡೆಯಲ್ಲಿ, ಹಣೆಯ ಎಲುಬಿನಲ್ಲಿ, ಎದೆಯ ಗೂಡಿನಲ್ಲಿ ಅದು ತುಂಬಿಕೊಂಡಿತು. ದಪ್ಪ ದನಿ, ಕೊನೆಯಲ್ಲಿ ಸ್ವಲ್ಪ ಒಡೆಯುವ ದನಿ.

"ಬರಿಗೊಡವ ಹೊತ್ತಾಳ, ಬರಿಗಾಲಲಿ ನಡೆದಾಳ,
ಗಿರಿಯ ಮೆಟ್ಟಿಲನೇರಿ ಬಂದಾಳ ತಾಯಿ,
ಬರಿಗೊಡದ ಒಳಗೇನೊ ಮೊಳಗೈತಿ."

ಪದ ಮುಗಿಯಿತು. ಗುತ್ತೆವ್ವ ನಿಲ್ಲಿಸಿದಳು. ಕಣ್ಣು ತೆರೆಯಲಿಲ್ಲ. ಎಲ್ಲೆಲ್ಲೂ ಆ ಅಕ್ಕಿಯ ಕೋಣೆಯ ನಿಶ್ಶಬ್ದ. ಕಾದಳು.

ಅಂಗೈಯ ಕೆಳಗೆ ಮುದಿ ಬೆನ್ನು ಉಸಿರಿಗೆ ಒಮ್ಮೆ ಉಬ್ಬಿತು. ಆಮೇಲೆ ಆ ಎಲುಬುಗಳ ಆಳದಲ್ಲಿ ಏನೋ ಹೊರಳಿತು. ಮೆಲ್ಲಗೆ ನಡುಗುತ್ತ ಸೀರೆಯ ನೂಲನ್ನು ದಾಟಿ ಬಂದು ಅವಳ ಕೈಯನ್ನು ತುಂಬಿ, ಮಣಿಕಟ್ಟಿನವರೆಗೆ ಏರಿ ನಿಂತಿತು.

ಗುತ್ತೆವ್ವ ಮುಂದಿನ ಪದ ಹಿಡಿದಳು.